ಚಿಕ್ಕವರಿದ್ದಾಗ ಹತ್ತಿದ ವಿಮಾನ ಯಾವುದು? ಪತ್ತೆ ಹಚ್ಚುವ ಸಮಗ್ರ ಮಾರ್ಗದರ್ಶಿ

ಕಲಬುರಗಿ, ಬೀದರ್, ಯಾದಗಿರಿ ಕಡೆಯವರು ಚಿಕ್ಕವರಿದ್ದಾಗ ವಿಮಾನ ಹತ್ತಿದ್ದರೆ ಅದು ಬಹುತೇಕ ಹೈದರಾಬಾದಿನ ಬೇಗಂಪೇಟೆಯಿಂದ. ಇಲ್ಲಾಂದ್ರೆ ಮುಂಬೈಯಿಂದ. ಕೆಲವರು ಬೆಂಗಳೂರಿನ ಹಳೆ ಎಚ್‌ಎಎಲ್ ನಿಲ್ದಾಣದಿಂದ. ನಮ್ಮ ಕಡೆಯಿಂದಲೇ ವಿಮಾನ ಹತ್ತೋದು ಶುರುವಾಗಿದ್ದು ಈಚೆಗೆ: ಕಲಬುರಗಿಯಲ್ಲಿ 2019ರ ನವೆಂಬರ್ 22ಕ್ಕೆ, ಬೀದರಿನಲ್ಲಿ 2020ರ ಫೆಬ್ರವರಿ 7ಕ್ಕೆ. ಅದಕ್ಕೂ ಮೊದಲಿನ ಪ್ರಯಾಣ ಅಂದ್ರೆ ಹುಮನಾಬಾದ್, ಜಹೀರಾಬಾದ್ ದಾಟಿ ಬಸ್ಸಿನಲ್ಲಿ ಹೈದರಾಬಾದಿಗೆ ಹೋಗಿ, ಅಥವಾ ರಾತ್ರಿ ರೈಲಿನಲ್ಲಿ ಮುಂಬೈಗೆ ಹೋಗಿ, ಅಲ್ಲಿಂದ ಹಾರಿದ್ದು.

"ಅವತ್ತು ನಾನು ಕೂತಿದ್ದು ಯಾವ ವಿಮಾನ?" ಅನ್ನೋ ಪ್ರಶ್ನೆ ತಲೆಯಲ್ಲಿ ಉಳಿದುಬಿಟ್ಟವರು ಬಹಳ ಜನ ಇದ್ದಾರೆ. ಇದಕ್ಕೆ ಉತ್ತರ ಸಿಗುತ್ತದೆ. ಕಾರಣ ಸರಳ. ಆಗ ನಮ್ಮ ದೇಶದಲ್ಲಿ ವಿಮಾನ ಕಂಪನಿಗಳು ಕಡಿಮೆ, ಒಂದೊಂದು ಕಂಪನಿ ಹತ್ತಿರ ಇದ್ದ ವಿಮಾನದ ಜಾತಿಗಳು ಇನ್ನೂ ಕಡಿಮೆ. ಹಾಗಾಗಿ ವರ್ಷ ಮತ್ತು ಕಂಪನಿ ಗೊತ್ತಾದರೆ ಸಾಮಾನ್ಯವಾಗಿ ಎರಡು ಮೂರು ಹೆಸರು ಮಾತ್ರ ಉಳಿಯುತ್ತವೆ. ಆಮೇಲೆ ನಿಮ್ಮ ನೆನಪು ಕೆಲಸಕ್ಕೆ ಬರುತ್ತದೆ. ಜನ ಮಾಡೋದು ಇದಕ್ಕೆ ಉಲ್ಟಾ. ಮೊದಲೇ "ಅದು ಬೋಯಿಂಗ್ ಇತ್ತಾ, ಏರ್‌ಬಸ್ ಇತ್ತಾ" ಅಂತ ನೆನಪನ್ನು ಕೆದಕುತ್ತಾರೆ. ಆರು ವರ್ಷದ ಮಗುವಿಗೆ ವಿಮಾನದ ಹೆಸರು ಗೊತ್ತಿರೋದಿಲ್ಲ. ಆದರೆ ಕಿಟಕಿ ಸಿಗಲಿಲ್ಲ ಅಂತ ಅತ್ತಿದ್ದು ಗೊತ್ತಿರುತ್ತದೆ, ಹಿಂದಿನ ಬಾಗಿಲಿಂದ ಹತ್ತಿದ್ದು ಗೊತ್ತಿರುತ್ತದೆ. ನಮಗೆ ಬೇಕಾಗಿದ್ದು ಅದೇ.

ಮೊದಲ ಹೆಜ್ಜೆ: ಮೊಬೈಲ್ ಮುಟ್ಟುವ ಮುಂಚೆ ಬರೆಯಿರಿ

ಇಂಟರ್ನೆಟ್ಟಿನಲ್ಲಿ ಹಳೆ ವಿಮಾನಗಳ ಫೋಟೋ ನೋಡಲು ಹೋಗಬೇಡಿ. ಈಗಲೇ ಬೇಡ. ನಾಲ್ಕು ಫೋಟೋ ನೋಡಿದರೆ ಸಾಕು, ಅವು ನಿಮ್ಮ ನೆನಪಿನ ಜೊತೆ ಬೆರೆತುಬಿಡುತ್ತವೆ, ಆಮೇಲೆ ಯಾವುದು ಕಂಡಿದ್ದು ಯಾವುದು ಈಗ ನೋಡಿದ್ದು ಅಂತ ಬೇರೆ ಮಾಡೋಕೆ ಆಗೋದಿಲ್ಲ. ಒಂದು ನೋಟ್‌ಬುಕ್ ತಗೊಂಡು ನೆನಪಿರೋದನ್ನೆಲ್ಲ ಬರೆಯಿರಿ. ಸೀಟಿನ ಬಣ್ಣ, ಕೊಟ್ಟ ಚಾಕೊಲೇಟು, ಕಿವಿಗೆ ಹಾಕಿಕೊಂಡ ಹತ್ತಿ, ರೆಕ್ಕೆ ಕಂಡಿತ್ತಾ, ಸದ್ದು ಹೇಗಿತ್ತು, ಬಾಲದ ಬಣ್ಣ ಯಾವುದು. ಬೇಡದ್ದು ಅನ್ನಿಸಿದರೂ ಬರೆಯಿರಿ.

ಆಮೇಲೆ ಜೊತೆಗೆ ಬಂದಿದ್ದವರನ್ನು ಕೇಳಿ. ಅಪ್ಪ, ಅವ್ವ, ಕಾಕಾ, ಆಯಿ, ಅಣ್ಣ ಎಲ್ಲರನ್ನೂ ಒಟ್ಟಿಗೆ ಕೂರಿಸಿ ಕೇಳಬೇಡಿ, ಒಬ್ಬೊಬ್ಬರನ್ನೇ ಕೇಳಿ. ಒಟ್ಟಿಗೆ ಕೂತರೆ ಮನೆಯಲ್ಲಿ ಯಾರ ದನಿ ಜೋರಿದೆಯೋ ಅವರ ನೆನಪೇ ಎಲ್ಲರ ನೆನಪಾಗುತ್ತದೆ. "ಯಾವ ವಿಮಾನ?" ಅಂತ ಕೇಳಿದರೆ "ಬೋಯಿಂಗ್ ಇತ್ತಪಾ" ಅಂತಾರೆ, ಯಾಕಂದ್ರೆ ನಮ್ಮ ಹಿರಿಯರಿಗೆ ದೊಡ್ಡ ವಿಮಾನ ಎಲ್ಲವೂ ಬೋಯಿಂಗೇ, ಇನ್ನೂ ದೊಡ್ಡದಿದ್ದರೆ ಜಂಬೋ. ಅದರ ಬದಲು ಹೀಗೆ ಕೇಳಿ: "ಆಯಿ, ಸೀಟು ಹೆಂಗಿದ್ವು? ನಡುವ ಹಾದಿ ಒಂದಿತ್ತೋ ಎರಡಿದ್ವೋ?" ಇದಕ್ಕೆ ಆಯಿ ಕೊಡೋ ಉತ್ತರದ ಮೇಲೆ ನಂಬಿಕೆ ಇಡಬಹುದು.

ಬೀದರಿನವರು ಇನ್ನೊಂದು ವಿಷಯದಲ್ಲಿ ಹುಷಾರಾಗಿರಬೇಕು. ಅಲ್ಲಿ ವಾಯುಪಡೆಯ ತರಬೇತಿ ನೆಲೆ ಇದೆ. ಆಕಾಶದಲ್ಲಿ ಕಸರತ್ತು ಮಾಡೋ ವಾಯುಪಡೆಯ ಸೂರ್ಯಕಿರಣ್ ತಂಡ ಅಲ್ಲೇ 1996ರಲ್ಲಿ ಶುರುವಾಗಿದ್ದು, 2011ರವರೆಗೆ ಕಿರಣ್ ವಿಮಾನಗಳನ್ನು ಹಾರಿಸುತ್ತಿತ್ತು. ದಿನಾ ತಲೆ ಮೇಲೆ ಹಾರೋದನ್ನು ನೋಡುತ್ತಾ ಬೆಳೆದ ಮಕ್ಕಳ ನೆನಪಲ್ಲಿ ಆ ವಿಮಾನ ಮತ್ತು ತಾವು ಹತ್ತಿದ ವಿಮಾನ ಕಲಸಿಹೋಗಿರುತ್ತವೆ. ನೋಡಿದ್ದು ಒಂದು ಹಾಳೆಯಲ್ಲಿ, ಒಳಗೆ ಕೂತಿದ್ದು ಇನ್ನೊಂದು ಹಾಳೆಯಲ್ಲಿ ಬರೆಯಿರಿ.

ಎರಡನೇ ಹೆಜ್ಜೆ: ತಾರೀಖು ಹಿಡಿಯಿರಿ

ತಾರೀಖು ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ಮನೆಯ ಟ್ರಂಕು, ಅಲ್ಮಾರಿ, ಹಳೆ ಸೂಟ್‌ಕೇಸಿನ ಒಳಗಿನ ಜೇಬು ಎಲ್ಲಾ ನೋಡಿ. ವಿದೇಶಕ್ಕೆ ಹೋಗಿದ್ದರೆ ಪಾಸ್‌ಪೋರ್ಟಿನ ಠಸ್ಸೆಗಿಂತ ಒಳ್ಳೆ ಸಾಕ್ಷಿ ಇಲ್ಲ, ಅದರಲ್ಲಿ ಊರೂ ಇರುತ್ತದೆ ದಿನವೂ ಇರುತ್ತದೆ. ಮಕ್ಕಳ ಹೆಸರು ಆಗ ಎಷ್ಟೋ ಸಲ ತಾಯಿಯ ಪಾಸ್‌ಪೋರ್ಟಿನಲ್ಲೇ ಸೇರಿರುತ್ತಿತ್ತು, ಹಾಗಾಗಿ ಅವ್ವನ ರದ್ದಾದ ಹಳೆ ಪಾಸ್‌ಪೋರ್ಟ್ ಮೊದಲು ಹುಡುಕಿ. ಸೌದಿ, ದುಬೈ, ಕುವೈತಿಗೆ ಕೆಲಸಕ್ಕೆ ಹೋದ ಮನೆಗಳಲ್ಲಿ ಇವು ಜೋಪಾನವಾಗಿ ಇರುತ್ತವೆ. ಹಜ್‌ಗೆ ಹೋಗಿ ಬಂದವರ ಮನೆಯಲ್ಲೂ ಕಾಗದ ಸಿಗುತ್ತವೆ.

ಹಳೆ ಟಿಕೆಟ್ ಅಂದ್ರೆ ಚಿಕ್ಕ ಪುಸ್ತಕದ ಥರ ಇರುತ್ತಿತ್ತು, ಒಳಗೆ ಕೆಂಪು ಕಾರ್ಬನ್ ಹಾಳೆಗಳು. 2008ರ ಜೂನ್ 1ರಿಂದ ಲೋಕದಾದ್ಯಂತ ಕಾಗದದ ಟಿಕೆಟ್ ನಿಂತುಹೋಯಿತು. ಅಂಥ ಟಿಕೆಟ್ ಸಿಕ್ಕರೆ ನಿಮ್ಮ ಪ್ರಯಾಣ ಅದಕ್ಕಿಂತ ಹಳೆಯದು ಅಂತಾಯಿತು.

ಕಾಗದ ಏನೂ ಇಲ್ಲವಾ? ಆಗ ಸುತ್ತಮುತ್ತಲಿಂದ ಕಟ್ಟಿಕೊಂಡು ಬನ್ನಿ. ಯಾರ ಮದುವೆಗೆ ಹೋಗಿದ್ದು, ಆಗ ನೀವು ಎಷ್ಟನೇ ಕ್ಲಾಸು, ತಂಗಿ ಹುಟ್ಟಿದ್ದಳಾ, ಶರಣಬಸವೇಶ್ವರ ಜಾತ್ರೆ ಮುಗಿದಿತ್ತಾ. ಮದುವೆ ಕಾರ್ಡನ್ನು ಮನೆಯಲ್ಲಿ ಯಾರಾದರೂ ಇಟ್ಟಿರುತ್ತಾರೆ. ಬೇಗಂಪೇಟೆಯಿಂದ ಹತ್ತಿದ್ದು ಪಕ್ಕಾ ಅಂತಾದರೆ ಅದು 2008ರ ಮಾರ್ಚ್ 23ಕ್ಕಿಂತ ಮೊದಲು, ಯಾಕಂದ್ರೆ ಅವತ್ತಿಂದ ಶಂಷಾಬಾದಿನ ಹೊಸ ನಿಲ್ದಾಣ ಶುರುವಾಯಿತು. ಬೆಂಗಳೂರಿನ ಎಚ್‌ಎಎಲ್ ನಿಲ್ದಾಣ ಅಂತಾದರೆ 2008ರ ಮೇ 24ಕ್ಕಿಂತ ಮೊದಲು. ಫೋಟೋ ಹಿಂದೆ ಸ್ಟುಡಿಯೋದವರ ಠಸ್ಸೆ ಇದೆಯಾ ನೋಡಿ. ಕ್ಯಾಮೆರಾದ ಕಿತ್ತಳೆ ಅಂಕಿಗಳನ್ನು ಮಾತ್ರ ಕಣ್ಣು ಮುಚ್ಚಿ ನಂಬಬೇಡಿ, ಬಹಳ ಮನೆಗಳಲ್ಲಿ ಆ ತಾರೀಖನ್ನು ಯಾರೂ ಸರಿ ಮಾಡಿರುತ್ತಿರಲಿಲ್ಲ.

ಮೂರನೇ ಹೆಜ್ಜೆ: ಯಾವ ಕಂಪನಿ?

ಟಿಕೆಟ್ ಅಥವಾ ಬೋರ್ಡಿಂಗ್ ಪಾಸಿನ ತುಂಡು ಇದ್ದರೆ ವಿಮಾನದ ನಂಬರಿನ ಮುಂದಿನ ಎರಡು ಅಕ್ಷರ ನೋಡಿ. ಐಸಿ ಅಂದ್ರೆ ಇಂಡಿಯನ್ ಏರ್‌ಲೈನ್ಸ್, ಎಐ ಏರ್ ಇಂಡಿಯಾ, 9ಡಬ್ಲ್ಯು ಜೆಟ್ ಏರ್‌ವೇಸ್, ಎಸ್2 ಸಹಾರಾ, ಡಿಎನ್ ಏರ್ ಡೆಕ್ಕನ್, ಐಟಿ ಕಿಂಗ್‌ಫಿಶರ್, ಎಸ್‌ಜಿ ಸ್ಪೈಸ್‌ಜೆಟ್, 6ಇ ಇಂಡಿಗೋ. ಕಾಗದ ಇಲ್ಲದಿದ್ದರೆ ಬಣ್ಣದ ನೆನಪು. ಕಿತ್ತಳೆ ಬಾಲ ಇಂಡಿಯನ್ ಏರ್‌ಲೈನ್ಸಿನದು. ಹೊರಗಿನ ಕಿಟಕಿಗಳ ಸುತ್ತ ರಾಜಸ್ಥಾನದ ಅರಮನೆಯ ಥರ ಕೆಂಪು ಕಮಾನು ಬರೆದಿದ್ದರೆ ಏರ್ ಇಂಡಿಯಾ. ಆರ್.ಕೆ. ಲಕ್ಷ್ಮಣರ ಕಾಮನ್ ಮ್ಯಾನ್ ಚಿತ್ರ ನೆನಪಿದ್ದರೆ ಏರ್ ಡೆಕ್ಕನ್. ದೇಶದೊಳಗಿನ ವಿಮಾನದಲ್ಲಿ ಪ್ರತಿ ಸೀಟಿನ ಬೆನ್ನಿಗೂ ಚಿಕ್ಕ ಟಿವಿ ಇತ್ತು ಅಂದ್ರೆ ಕಿಂಗ್‌ಫಿಶರ್ ಆಗಿರೋ ಸಾಧ್ಯತೆ ಜಾಸ್ತಿ.

ಒಂದು ಮಾತು ಗಮನದಲ್ಲಿರಲಿ, ಬಣ್ಣ ಕಂಪನಿಯನ್ನು ಹೇಳುತ್ತದೆ, ವಿಮಾನದ ಜಾತಿಯನ್ನಲ್ಲ. ಆ ಕೆಂಪು ಕಮಾನು ಜಂಬೋ ಅನ್ನೋ ಬೋಯಿಂಗ್ 747ರ ಮೇಲೂ ಇತ್ತು, ಬೇರೆ ವಿಮಾನಗಳ ಮೇಲೂ ಇತ್ತು.

ನಾಲ್ಕನೇ ಹೆಜ್ಜೆ: ಆ ವರ್ಷ ಆ ಕಂಪನಿ ಹತ್ತಿರ ಏನೇನಿತ್ತು?

ಇಲ್ಲಿ ಸ್ವಲ್ಪ ಇತಿಹಾಸ ಬೇಕು. 1953ರಿಂದ 1990ರ ದಶಕದ ಶುರುವಿನವರೆಗೆ ದೇಶದೊಳಗೆ ಹಾರಿದ್ದು ಅಂದ್ರೆ ಹೆಚ್ಚುಕಮ್ಮಿ ಇಂಡಿಯನ್ ಏರ್‌ಲೈನ್ಸೇ, 1981ರಿಂದ ಸಣ್ಣ ಊರುಗಳಿಗೆ ವಾಯುದೂತ್ ಕೂಡ. 1960ರ ದಶಕದಲ್ಲಿ ಇಂಡಿಯನ್ ಏರ್‌ಲೈನ್ಸ್ ಹತ್ತಿರ ಡಕೋಟಾ, ವೈಕೌಂಟ್, ಫಾಕರ್ ಎಫ್27, 1964ರಿಂದ ಕ್ಯಾರವೆಲ್ ಜೆಟ್. ಕಾನ್ಪುರದ ಎಚ್‌ಎಎಲ್ ಕಟ್ಟಿದ ಆವ್ರೋ 748 ಕೂಡ ಇದೇ ಕಾಲದ್ದು. 1970ರ ದಶಕ ಶುರುವಾಗುತ್ತಿದ್ದಂತೆ ಬೋಯಿಂಗ್ 737-200 ಬಂತು. 1976ರಲ್ಲಿ ಅಗಲವಾದ ಏರ್‌ಬಸ್ ಎ300, 1989ರಲ್ಲಿ ಎ320.

ಎ320 ವಿಷಯದಲ್ಲಿ ಒಂದು ತಾರೀಖು ನೆನಪಿಡಿ. 1990ರ ಫೆಬ್ರವರಿ 14ರಂದು ಮುಂಬೈಯಿಂದ ಬೆಂಗಳೂರಿಗೆ ಬರುತ್ತಿದ್ದ ಎ320 ಇಳಿಯುವಾಗ ಎಚ್‌ಎಎಲ್ ನಿಲ್ದಾಣದ ಹತ್ತಿರ ಅಪಘಾತಕ್ಕೆ ಈಡಾಗಿ 92 ಜನ ತೀರಿಕೊಂಡರು. ಅದಾದ ಮೇಲೆ ಸರ್ಕಾರ ಇಂಡಿಯನ್ ಏರ್‌ಲೈನ್ಸಿನ ಎಲ್ಲಾ ಎ320ಗಳನ್ನು ಹಲವು ತಿಂಗಳು ನೆಲಕ್ಕಿಳಿಸಿತ್ತು. ಹಾಗಾಗಿ 1990ರ ಬೇಸಿಗೆ ರಜೆಯಲ್ಲಿ ನೀವು ಹಾರಿದ್ದರೆ ಆ ಹೆಸರನ್ನು ಪಟ್ಟಿಯಿಂದ ಧೈರ್ಯವಾಗಿ ಹೊಡೆದುಹಾಕಿ.

ಖಾಸಗಿಯವರು ಬಂದಿದ್ದು ಆಮೇಲೆ. ಈಸ್ಟ್ ವೆಸ್ಟ್, ದಮಾನಿಯಾ ಹತ್ತಿರ 737-200. ಜೆಟ್ ಏರ್‌ವೇಸ್ 1993ರ ಮೇ 5ರಂದು 737-300ಗಳ ಜೊತೆ ಶುರುವಾಯಿತು, ಆಮೇಲೆ 737-400, -700, -800 ಮತ್ತು ಸಣ್ಣ ಊರಿಗೆ ಎಟಿಆರ್ 72. ಸಹಾರಾ 737ಗಳನ್ನು ಹಾರಿಸುತ್ತಿತ್ತು, ಆಮೇಲೆ ಹಿಂಭಾಗದಲ್ಲಿ ಇಂಜಿನ್ ಇರುವ ಪುಟ್ಟ ಸಿಆರ್‌ಜೆ-200 ಕೂಡ ತಂತು. ಏರ್ ಡೆಕ್ಕನ್ 2003ರಲ್ಲಿ ಎಟಿಆರ್ 42ರಿಂದ ಶುರುಮಾಡಿ ಆಮೇಲೆ ಎ320 ತಗೊಂಡಿತು. 2005ರಲ್ಲಿ ಕಿಂಗ್‌ಫಿಶರ್ ಎ320ರಲ್ಲಿ, ಸ್ಪೈಸ್‌ಜೆಟ್ 737-800ರಲ್ಲಿ, 2006ರಲ್ಲಿ ಇಂಡಿಗೋ ಎ320ರಲ್ಲಿ. ಪ್ಯಾರಾಮೌಂಟ್ ಅಂತ ಒಂದಿತ್ತು, ಅದರ ಹತ್ತಿರ ಎಂಬ್ರೇಯರ್ 170 ಮತ್ತು 175.

ಏರ್ ಇಂಡಿಯಾ ವಿದೇಶಕ್ಕೆ: 1960ರಿಂದ ಬೋಯಿಂಗ್ 707, 1971ರಿಂದ 747, 1980ರ ದಶಕದಲ್ಲಿ ಎ300 ಮತ್ತು ಎ310, 1993ರಿಂದ 747-400. ಕಡಿಮೆ ದರದ ಏರ್ ಇಂಡಿಯಾ ಎಕ್ಸ್‌ಪ್ರೆಸ್ 2005ರಲ್ಲಿ ಬಂತು, 737-800.

ಈ ಪಟ್ಟಿಗಳನ್ನು ಪ್ಲೇನ್‌ಸ್ಪಾಟರ್ಸ್ ಡಾಟ್ ನೆಟ್‌ನಲ್ಲಿ ಕಂಪನಿ ಹೆಸರು ಹಾಕಿ ತಾಳೆ ನೋಡಬಹುದು. ಹಳೆ ಟೈಮ್‌ಟೇಬಲ್‌ಗಳ ಸ್ಕ್ಯಾನ್ ಹುಡುಕಿದರೆ ಸಿಗುತ್ತವೆ. ಅವುಗಳಲ್ಲಿ ಎಷ್ಟೋ ಸಲ ನಂಬರಿನ ಪಕ್ಕದಲ್ಲೇ ವಿಮಾನದ ಗುರುತು ಇರುತ್ತದೆ: 732 ಅಂದ್ರೆ 737-200, ಎಬಿ3 ಅಂದ್ರೆ ಎ300, 744 ಅಂದ್ರೆ 747-400, ಎಟಿ7 ಅಂದ್ರೆ ಎಟಿಆರ್ 72. ನಿಮ್ಮ ಪ್ರಯಾಣದ ಆಜೂಬಾಜೂ ತಿಂಗಳಿನ ಟೈಮ್‌ಟೇಬಲ್ ಸಿಕ್ಕರೆ ಅದೃಷ್ಟ.

ಐದನೇ ಹೆಜ್ಜೆ: ಈಗ ನೆನಪಿನ ಹಾಳೆ ತೆಗೆಯಿರಿ

ನನ್ನ ಪ್ರಕಾರ ಸೀಟುಗಳ ಸಾಲಿಗಿಂತ ಗಟ್ಟಿ ಸುಳಿವು ಇನ್ನೊಂದಿಲ್ಲ. ಮಕ್ಕಳಿಗೆ ಯಾರ ಪಕ್ಕ ಕೂತಿದ್ದೆ, ಕಿಟಕಿ ಯಾರಿಗೆ ಸಿಕ್ಕಿತು ಅನ್ನೋದು ಚೆನ್ನಾಗಿ ನೆನಪಿರುತ್ತದೆ. ನಡುವೆ ಒಂದೇ ದಾರಿ, ಎರಡೂ ಕಡೆ ಮೂರು ಮೂರು ಸೀಟು ಇದ್ದರೆ 737, ಎ320, ಹಳೆ ಕಾಲದ್ದಾದರೆ 707. ಎರಡೂ ಕಡೆ ಎರಡೆರಡು ಇದ್ದರೆ ಫಾಕರ್, ಆವ್ರೋ, ಎಟಿಆರ್, ಸಿಆರ್‌ಜೆ, ಎಂಬ್ರೇಯರ್ 170. ಒಂದು ಕಡೆ ಎರಡು, ಇನ್ನೊಂದು ಕಡೆ ಮೂರು ಇದ್ದರೆ ಕ್ಯಾರವೆಲ್. ಒಂದು ಕಡೆ ಒಂದೇ, ಆ ಕಡೆ ಎರಡು ಇದ್ದರೆ ಎಂಬ್ರೇಯರ್ 145. ಎರಡೂ ಕಡೆ ಒಂದೊಂದೇ ಸೀಟು, ಒಟ್ಟು ಹತ್ತೊಂಬತ್ತು ಜನ, ಟಾಯ್ಲೆಟ್ ಇಲ್ಲ ಅಂದ್ರೆ ವಾಯುದೂತಿನ ಡಾರ್ನಿಯರ್ 228. ಓಡಾಡೋ ದಾರಿ ಎರಡಿದ್ದು ಎರಡು-ನಾಲ್ಕು-ಎರಡು ಅಂತ ಸೀಟಿದ್ದರೆ ಎ300 ಅಥವಾ ಎ310. ಮೂರು-ನಾಲ್ಕು-ಮೂರು ಇದ್ದರೆ ಮೊದಲು 747 ಅಂದುಕೊಳ್ಳಿ, 2000ದ ನಂತರದ ಗಲ್ಫ್ ಪ್ರಯಾಣವಾದರೆ ಬೋಯಿಂಗ್ 777 ಕೂಡ ಲೆಕ್ಕಕ್ಕೆ ಬರುತ್ತದೆ.

ಬೋರ್ಡಿಂಗ್ ಪಾಸ್ ತುಂಡು ಇದ್ದರೆ ಸೀಟಿನ ಅಕ್ಷರವೇ ಸಾಕ್ಷಿ ಹೇಳುತ್ತದೆ. ಮೂರು-ಮೂರು ಸಾಲಿನಲ್ಲಿ ಅಕ್ಷರ ಎ ಇಂದ ಎಫ್‌ಗೆ ಮುಗಿಯುತ್ತದೆ. ನಿಮ್ಮ ಸೀಟು 28ಎಚ್ ಅಥವಾ 31ಕೆ ಅಂತಿದ್ದರೆ ಅದು ಬಹುತೇಕ ಎರಡು ದಾರಿಯ ದೊಡ್ಡ ವಿಮಾನ.

ನಮ್ಮ ಕಾಕಾನ ಮಗಳದ್ದು ಇದೇ ಥರ ಬಗೆಹರಿಯಿತು. 1994ರ ಬೇಸಿಗೆಯಲ್ಲಿ ಬೇಗಂಪೇಟೆಯಿಂದ ಮುಂಬೈಗೆ ಹೋಗಿದ್ದಳು. ಬಾಲ ಕಿತ್ತಳೆ ಬಣ್ಣದ್ದು, ಅವಳಿಗೆ ಸಿಕ್ಕಿದ್ದು ನಟ್ಟನಡುವಿನ ಸೀಟು, ಎಡಕ್ಕೂ ಬಲಕ್ಕೂ ಜನ, ಅದರಾಚೆ ದಾರಿ, ಅದರಾಚೆ ಮತ್ತೆ ಸೀಟು. ಕಿಟಕಿ ಬಹಳ ದೂರ. "ಅದು ಜಂಬೋನೇ" ಅಂತ ಅವಳ ಹಟ. ಆದರೆ ಇಂಡಿಯನ್ ಏರ್‌ಲೈನ್ಸ್ ಹತ್ತಿರ 747 ಇರಲೇ ಇಲ್ಲ, ಅದು ಇದ್ದಿದ್ದು ಏರ್ ಇಂಡಿಯಾ ಹತ್ತಿರ. 1994ರಲ್ಲಿ ಇಂಡಿಯನ್ ಏರ್‌ಲೈನ್ಸಿನಲ್ಲಿ ಎರಡು ದಾರಿಯ ವಿಮಾನ ಅಂದ್ರೆ ಎ300 ಒಂದೇ. ಒಂದು ಕಾಗದವೂ ಇಲ್ಲದೆ ಉತ್ತರ ಸಿಕ್ಕಿತು.

ರೆಕ್ಕೆ ಮೇಲಿತ್ತಾ ಕೆಳಗಿತ್ತಾ ಅನ್ನೋದು ಎರಡನೇ ದೊಡ್ಡ ಪ್ರಶ್ನೆ. ಫಾಕರ್, ಎಟಿಆರ್, ಡಾರ್ನಿಯರ್ ರೆಕ್ಕೆ ತಲೆ ಮೇಲಿರುತ್ತದೆ, ಹಾಗಾಗಿ ಎಲ್ಲಾ ಕಿಟಕಿಯಿಂದಲೂ ನೆಲ ಚೆನ್ನಾಗಿ ಕಾಣುತ್ತದೆ. ಆವ್ರೋ ಮತ್ತು ವೈಕೌಂಟ್‌ಗೆ ಫ್ಯಾನು (ಪ್ರೊಪೆಲ್ಲರ್) ಇದ್ದರೂ ರೆಕ್ಕೆ ಕೆಳಗೆ. ವೈಕೌಂಟ್‌ಗೆ ನಾಲ್ಕು ಫ್ಯಾನು, ಆವ್ರೋಗೆ ಎರಡು. ಮಕ್ಕಳು ಕಿಟಕಿಯಿಂದ ಚಕ್ರ ಇಳಿಯೋದನ್ನು ನೋಡಿ ಬೆರಗಾಗಿರುತ್ತಾರೆ, ಅದು ಒಳ್ಳೆ ಸುಳಿವು. ಫಾಕರಿನ ಚಕ್ರ ರೆಕ್ಕೆಗೆ ತೂಗಿರೋ ಇಂಜಿನ್ನಿನ ಹೊಟ್ಟೆಯಿಂದ ಇಳಿಯುತ್ತದೆ. ಸ್ಪೈಸ್‌ಜೆಟ್ 2011ರಿಂದ ಹಾರಿಸಿದ ಫ್ಯಾನಿನ ವಿಮಾನ ಕ್ಯೂ400ದ್ದೂ ಹಾಗೇ. ಎಟಿಆರ್‌ನದು ಹಾಗಲ್ಲ, ಅದರ ಚಕ್ರ ವಿಮಾನದ ಹೊಟ್ಟೆಯ ಪಕ್ಕದ ಉಬ್ಬಿನಿಂದ ಬರುತ್ತದೆ.

ಬಾಗಿಲು ಕೂಡ ಮುಖ್ಯ. ಎಟಿಆರ್‌ಗೆ ಜನ ಹತ್ತೋದು ಬಾಲದ ಕಡೆಯ ಬಾಗಿಲಿಂದ, ಮುಂದಿನ ಭಾಗದಲ್ಲಿ ಲಗೇಜು ಇರುತ್ತದೆ. ಬಾಲದ ಬುಡದಿಂದಲೇ ಮೆಟ್ಟಿಲು ಇಳಿದು, ಅದರ ಮೇಲೆ ಹತ್ತಿ ಒಳಗೆ ಹೋದ ನೆನಪಿದ್ದರೆ ಕ್ಯಾರವೆಲ್. ಅದರ ಕಿಟಕಿಗಳು ಮೂಲೆ ದುಂಡಾದ ತ್ರಿಕೋನ, ಅಂಥ ಕಿಟಕಿ ಇಲ್ಲಿನ ಬೇರೆ ಯಾವ ವಿಮಾನಕ್ಕೂ ಇರಲಿಲ್ಲ. ದೊಡ್ಡ ಮೊಟ್ಟೆಯಾಕಾರದ ಕಿಟಕಿ ಅಂದ್ರೆ ವೈಕೌಂಟ್ ಅಥವಾ ಫಾಕರ್. ಹತ್ತಿದ ಮೇಲೆ ನೆಲವೇ ಇಳಿಜಾರಾಗಿತ್ತು, ಸೀಟಿಗೆ ಹೋಗೋಕೆ ಏರು ಹತ್ತಬೇಕಿತ್ತು ಅಂತ ಮುತ್ಯಾ ಹೇಳಿದರೆ ಅದು ಡಕೋಟಾ, ಅದಕ್ಕೆ ಚಿಕ್ಕ ಚಕ್ರ ಬಾಲದ ಕೆಳಗೆ ಇತ್ತು.

ಇನ್ನು ಸದ್ದು. ಜನ ಇದನ್ನು ಲೆಕ್ಕಕ್ಕೆ ತಗೊಳ್ಳೋದೇ ಇಲ್ಲ, ಆದರೆ ಮಕ್ಕಳ ಕಿವಿ ಚುರುಕು. ವಿಮಾನ ಹೊರಡೋ ಮುಂಚೆ ನೆಲದಡಿಯಿಂದ ನಾಯಿ ಬೊಗಳಿದಂತೆ, ಗರಗಸ ಎಳೆದಂತೆ ಸದ್ದು ಬಂದಿತ್ತಾ? ಹಾಗಿದ್ದರೆ ಅದು ಎ320 ಅಥವಾ ಅದರ ಅಣ್ಣತಮ್ಮಂದಿರು. ಒಂದು ಕಡೆಯ ಹೈಡ್ರಾಲಿಕ್ ಒತ್ತಡ ಇನ್ನೊಂದು ಕಡೆಗೆ ದಾಟಿಸೋ ಪಂಪು ಮಾಡೋ ಸದ್ದು ಅದು, 737ರಲ್ಲಿ ಹೀಗೆ ಬೊಗಳೋ ಸದ್ದು ಬರೋದಿಲ್ಲ. ಇಳಿದ ತಕ್ಷಣ ಇಂಜಿನ್ನಿನ ಹಿಂಬದಿ ಚಿಪ್ಪಿನ ಥರ ಎರಡು ಹೋಳಾಗಿ ತೆರೆದುಕೊಂಡು ಕಿವಿ ಒಡೆಯೋ ಗದ್ದಲ ಆಗಿತ್ತು ಅಂದ್ರೆ 737-200, ಅದರ ಇಂಜಿನ್ ಸಣಕಲು, ಉದ್ದ, ರೆಕ್ಕೆಗೆ ಅಂಟಿಕೊಂಡಂತೆ ಇರುತ್ತಿತ್ತು. ಫಾಕರ್, ಆವ್ರೋ, ವೈಕೌಂಟ್ ಮೂರಕ್ಕೂ ರೋಲ್ಸ್ ರಾಯ್ಸ್ ಡಾರ್ಟ್ ಇಂಜಿನ್, ಅದರದು ಸೀಟಿ ಹೊಡೆದಂಥ ಚೂಪು ಸದ್ದು.

ರೆಕ್ಕೆಯ ತುದಿ ನೋಡಿದ್ದರೆ ಇನ್ನೂ ಒಳ್ಳೆಯದು. ಹಳೆ 737ಗಳ ತುದಿ ಬೋಳು. ಎ320ಗೆ ಮೇಲಕ್ಕೂ ಕೆಳಕ್ಕೂ ಚಾಚಿದ ಪುಟ್ಟ ಬಾಣದ ಮೊನೆ ಇರುತ್ತಿತ್ತು. ಇಂಡಿಯನ್ ಏರ್‌ಲೈನ್ಸಿನ ಮೊದಮೊದಲ ಎ320ಗಳಿಗೆ ಮಾತ್ರ ಇದು ಇತ್ತಾ ಇಲ್ಲವಾ ಅಂತ ಫೋಟೋದಲ್ಲಿ ಬೇರೆಯಾಗಿ ನೋಡಿ. ಸ್ಪೈಸ್‌ಜೆಟ್ಟಿನ 737-800ರ ತುದಿ ಎತ್ತರಕ್ಕೆ ಬಾಗಿ ನಿಂತಿರುತ್ತದೆ. ಎ320ಗೆ ಅಂಥ ಎತ್ತರದ ತುದಿ ನಮ್ಮಲ್ಲಿ ಕಂಡಿದ್ದು 2013ರಿಂದ ಈಚೆಗೆ.

ವಿಮಾನದ ಒಳಗೇ ಮೇಲಕ್ಕೆ ಹೋಗೋ ಮೆಟ್ಟಿಲು ಇತ್ತು ಅಂತಾದರೆ, ಮತ್ತು ಕಾಲ 1971ರಿಂದ 2000ದ ಒಳಗಿನದಾದರೆ, ಅದು 747. ಅದರಲ್ಲೂ ಯಾವ ಬಗೆ ಅಂತ ಹೇಳಬಹುದು. ಮೆಟ್ಟಿಲು ಸುರುಳಿ ಸುತ್ತಿದ್ದರೆ 747-200, ನೇರ ಇದ್ದರೆ -300 ಅಥವಾ -400. ಶಹಾಪುರದ ಗೆಳೆಯನೊಬ್ಬ ಅಪ್ಪನನ್ನು ನೋಡಲು ಮುಂಬೈಯಿಂದ ಗಲ್ಫಿಗೆ ಹೋಗಿದ್ದಾಗ ಆ ಸುರುಳಿ ಮೆಟ್ಟಿಲನ್ನು ಕೆಳಗಿಂದ ಮಾತ್ರ ನೋಡಿದ್ದನಂತೆ, ಮೇಲೆ ಹೋಗೋಕೆ ಬಿಡಲಿಲ್ಲ. ಅಷ್ಟು ಸಾಕಾಯಿತು.

ಆರನೇ ಹೆಜ್ಜೆ: ಫೋಟೋ ಇದ್ದರೆ ಮೂಲೆಗಳನ್ನು ನೋಡಿ

ಮನೆಯ ಫೋಟೋದಲ್ಲಿ ಎಲ್ಲರೂ ವಿಮಾನದ ಮುಂದೆ ಸಾಲಾಗಿ ನಿಂತಿರುತ್ತಾರೆ, ವಿಮಾನ ಪೂರ್ತಿ ಕಾಣೋದಿಲ್ಲ. ಪರವಾಗಿಲ್ಲ. ನೆಗೆಟಿವ್ ಸಿಕ್ಕರೆ ಅದನ್ನೇ ಸ್ಕ್ಯಾನ್ ಮಾಡಿಸಿ, ಯಾಕಂದ್ರೆ ಪ್ರಿಂಟ್ ಹಾಕುವಾಗ ಅಂಚು ಸ್ವಲ್ಪ ಕತ್ತರಿಸಿಹೋಗಿರುತ್ತದೆ, ನಿಮಗೆ ಬೇಕಾದ ಬಾಲದ ತುದಿ ಆ ಅಂಚಿನಲ್ಲೇ ಇರಬಹುದು.

ಇಂಜಿನ್ನಿನ ಬಾಯಿ ಕೆಳಗೆ ಚಪ್ಪಟೆ ಇದ್ದರೆ 737-300 ಅಥವಾ ಅದರ ನಂತರದ 737. ಪೂರ್ತಿ ದುಂಡಗಿದ್ದರೆ ಎ320 ಕಡೆ ಹೋಗಿ. ರೆಕ್ಕೆ ಮೇಲಿನ ತುರ್ತು ಬಾಗಿಲು ಎಣಿಸಿ: 737-200, -300, -700ಕ್ಕೆ ಒಂದೊಂದು ಕಡೆ ಒಂದು, -400, -800 ಮತ್ತು ಎ320ಗೆ ಎರಡು. ಬಾಲ ಬೆನ್ನಿಗೆ ಸೇರೋ ಜಾಗದಲ್ಲಿ ಇಳಿಜಾರು ಏಣು ಎದ್ದು ಕಂಡರೆ 737. ಚಕ್ರಗಳನ್ನೂ ಬಿಡಬೇಡಿ. ಲೋಕದ ಬೇರೆ ಎ320ಗಳಿಗೆ ರೆಕ್ಕೆ ಕೆಳಗಿನ ಒಂದೊಂದು ಕಾಲಿಗೆ ಎರಡು ಚಕ್ರ. ಇಂಡಿಯನ್ ಏರ್‌ಲೈನ್ಸ್ ಮಾತ್ರ ನಮ್ಮ ರನ್‌ವೇಗಳ ಮೇಲೆ ಭಾರ ಹಂಚಲಿ ಅಂತ ನಾಲ್ಕು ನಾಲ್ಕು ಚಕ್ರದ ಎ320 ಮಾಡಿಸಿಕೊಂಡಿತ್ತು. ಒಂಟಿ ದಾರಿಯ ವಿಮಾನ, ಕಿತ್ತಳೆ ಬಾಲ, ಕಾಲಿಗೆ ನಾಲ್ಕು ಚಕ್ರ, ಇಷ್ಟು ಕಂಡರೆ ಮುಂದೆ ಹುಡುಕೋದೇ ಬೇಡ. ನನಗೆ ಬಹಳ ಇಷ್ಟವಾದ ಗುರುತು ಇದು.

ಈಗ ಏರ್‌ಲೈನರ್ಸ್ ಡಾಟ್ ನೆಟ್, ಜೆಟ್‌ಫೋಟೋಸ್ ತೆರೆಯಿರಿ. ಕಂಪನಿ, ವಿಮಾನದ ಜಾತಿ, ವರ್ಷ ಹಾಕಿ ನಿಮ್ಮ ಫೋಟೋ ಪಕ್ಕ ಇಟ್ಟು ಹೋಲಿಸಿ.

ಏಳನೇ ಹೆಜ್ಜೆ: ಅದೇ ವಿಮಾನ ಸಿಗುತ್ತದಾ?

ಜಾತಿ ಗೊತ್ತಾದ ಮೇಲೆ "ಅದೇ ವಿಮಾನ ಯಾವುದು" ಅನ್ನೋ ಆಸೆ ಹುಟ್ಟುತ್ತದೆ. ಅದಕ್ಕೆ ನೋಂದಣಿ ಅಕ್ಷರ ಬೇಕು. ನಮ್ಮ ದೇಶದ ವಿಮಾನಕ್ಕೆ ವಿಟಿ ಅಂತ ಶುರುವಾಗಿ ಮುಂದೆ ಮೂರು ಅಕ್ಷರ. ಎ6 ಇದ್ದರೆ ಯುಎಇ, ಎಚ್‌ಝಡ್ ಸೌದಿ, 9ಕೆ ಕುವೈತ್. ಇದು ಮೈಯ ಹಿಂಭಾಗದಲ್ಲಿ, ರೆಕ್ಕೆಯ ಅಡಿಯಲ್ಲಿ ಬರೆದಿರುತ್ತದೆ. ಫೋಟೋದಲ್ಲಿ ಎರಡು ಅಕ್ಷರ ಕಂಡರೂ ಪಟ್ಟಿ ಬಹಳ ಸಣ್ಣದಾಗುತ್ತದೆ.

ಏರ್ ಇಂಡಿಯಾದಲ್ಲಿ ಹಾರಿದವರಿಗೆ ಇನ್ನೊಂದು ದಾರಿ ಇದೆ, ಹೆಸರು. ಆ ಕಂಪನಿ ಮೂಗಿನ ಹತ್ತಿರ ವಿಮಾನದ ಹೆಸರು ಬರೆಸುತ್ತಿತ್ತು. 707ಗಳಿಗೆ ಹಿಮಾಲಯದ ಶಿಖರಗಳ ಹೆಸರು, ನಂದಾದೇವಿ, ಕಾಂಚನಜುಂಗಾ ಹೀಗೆ. 747-200ಗಳಿಗೆ ಚಕ್ರವರ್ತಿಗಳು, ಮೊದಲನೆಯದು ಎಂಪರರ್ ಅಶೋಕ. ಎ310ಗಳಿಗೆ ನದಿಗಳು, ಯಮುನಾ, ಸರಸ್ವತಿ, ಕೃಷ್ಣಾ. ಯಾದಗಿರಿ ಜಿಲ್ಲೆಯವರಿಗೆ ಆ ಕೊನೆಯ ಹೆಸರು ಕಂಡರೆ ಖುಷಿಯಾಗದೆ ಇರೋದಿಲ್ಲ. 747-400ಗಳಿಗೆ ಕೊನಾರ್ಕ್, ಅಜಂತಾ ಥರದ ಸ್ಥಳಗಳು. ಹಾಗಾಗಿ "ವಿಮಾನದ ಮೇಲೆ ನದಿ ಹೆಸರು ಇತ್ತು" ಅಂತ ಅಪ್ಪನಿಗೆ ನೆನಪಿದ್ದರೂ ಪಟ್ಟಿ ಬಹಳ ಸಣ್ಣದಾಗುತ್ತದೆ, ಪೂರ್ತಿ ಹೆಸರು ನೆನಪಿದ್ದರೆ ಒಂದೇ ಒಂದು ವಿಮಾನ ಕೈಗೆ ಸಿಗುತ್ತದೆ.

ದಾರಿ ತಪ್ಪಿಸುವ ಕೆಲವು ಸಂಗತಿಗಳು

ಬಾಡಿಗೆ ವಿಮಾನಗಳು ಎಲ್ಲಾ ಲೆಕ್ಕವನ್ನೂ ಕೆಡಿಸುತ್ತವೆ. 1992-93ರ ಚಳಿಗಾಲದಲ್ಲಿ ಇಂಡಿಯನ್ ಏರ್‌ಲೈನ್ಸ್ ಉಜ್ಬೇಕಿಸ್ತಾನದಿಂದ ಟುಪೊಲೆವ್ ಟಿಯು-154 ಬಾಡಿಗೆಗೆ ತಂದಿತ್ತು. ಅದರಲ್ಲಿ ಒಂದು 1993ರ ಜನವರಿ 9ರಂದು ಹೈದರಾಬಾದಿನಿಂದಲೇ ಹೊರಟು ದೆಹಲಿಯಲ್ಲಿ ಮಂಜಿನಲ್ಲಿ ಇಳಿಯುವಾಗ ಮಗುಚಿಬಿತ್ತು, ಪುಣ್ಯಕ್ಕೆ ಯಾರೂ ಸಾಯಲಿಲ್ಲ. ಆ ಚಳಿಗಾಲದಲ್ಲಿ ಬೇಗಂಪೇಟೆಯಿಂದ ಹಾರಿದ ಯಾರಾದರೂ "ಹಿಂದೆ ಮೂರು ಇಂಜಿನ್ ಇದ್ದವು" ಅಂದರೆ ನಗಬೇಡಿ, ಅವರು ಹೇಳೋದು ನಿಜ ಇರಬಹುದು. ಹಜ್ ವಿಮಾನಗಳಲ್ಲೂ ಬಾಡಿಗೆಯವು ಬಹಳ. ಅಲ್ಲಿ ಕಂಪನಿಯ ಪಟ್ಟಿಗಿಂತ ಸೀಟಿನ ಸಾಲನ್ನೇ ಜಾಸ್ತಿ ನಂಬಿ.

ಕಂಪನಿಗಳ ಹೆಸರು ಬದಲಾದ ಕಾಲವೂ ಗೋಜಲು. ಇಂಡಿಯನ್ ಏರ್‌ಲೈನ್ಸ್ 2005ರ ಕೊನೆಯಲ್ಲಿ ಬರೀ "ಇಂಡಿಯನ್" ಆಯಿತು, 2007ರಲ್ಲಿ ಏರ್ ಇಂಡಿಯಾ ಜೊತೆ ಸೇರಿತು. ಸಹಾರಾ ಅದೇ ವರ್ಷ ಜೆಟ್‌ಲೈಟ್ ಆಯಿತು. ಡೆಕ್ಕನ್ ಕಿಂಗ್‌ಫಿಶರಿಗೆ ಸೇರಿಹೋಯಿತು. ಟಿಕೆಟ್ ಮೇಲೆ ಒಂದು ಹೆಸರು, ವಿಮಾನದ ಮೈಮೇಲೆ ಇನ್ನೊಂದು ಹೆಸರು ಇದ್ದರೆ ಗಾಬರಿ ಬೇಡ. ಇನ್ನೊಂದು, ಹಳೆ ನಂಬರನ್ನು ಗೂಗಲ್ಲಿಗೆ ಹಾಕಿದಾಗ ಬರೋದು ಈಗ ಆ ನಂಬರಿನಲ್ಲಿ ಹಾರೋ ವಿಮಾನ. ಅದಕ್ಕೂ ನಿಮ್ಮ 1990ರ ದಶಕದ ಪ್ರಯಾಣಕ್ಕೂ ಏನೂ ಸಂಬಂಧ ಇಲ್ಲ.

ಸಿಕ್ಕ ಉತ್ತರವನ್ನು ಬರೆದಿಡುವಾಗ ಅದು ಎಷ್ಟು ಗಟ್ಟಿ ಅನ್ನೋದನ್ನೂ ಬರೆಯಿರಿ. ಕಾಗದ ಅಥವಾ ಫೋಟೋ ಹೇಳಿದ್ದು ಪಕ್ಕಾ. ಕಂಪನಿಯ ಪಟ್ಟಿ ಮತ್ತು ಸೀಟಿನ ನೆನಪು ಎರಡೂ ಕೂಡಿಬಂದರೆ ಬಹುತೇಕ ಸರಿ. ಒಬ್ಬರ ನೆನಪಿನ ಮೇಲೆ ಮಾತ್ರ ನಿಂತಿದ್ದರೆ ಇರಬಹುದು, ಅಷ್ಟೇ.

ಈಗಿನ ಮಕ್ಕಳಿಗಾಗಿ

ಕಲಬುರಗಿಯಿಂದ, ಬೀದರಿನಿಂದ ಮೊದಮೊದಲು ಹಾರಿದ ಮಕ್ಕಳು ಈಗ ಹೈಸ್ಕೂಲಿಗೆ ಬಂದಿದ್ದಾರೆ, ಕೆಲವರು ಕಾಲೇಜಿಗೆ. ಅವರದು ಸುಲಭ. ಕಲಬುರಗಿಯಿಂದ ಬೆಂಗಳೂರಿಗೆ ಸ್ಟಾರ್ ಏರ್ ಶುರುವಾಗಿದ್ದು ಎಂಬ್ರೇಯರ್ 145ರಲ್ಲಿ, ಒಂದು ಕಡೆ ಒಂಟಿ ಸೀಟು, ಇಂಜಿನ್ ಬಾಲದ ಹತ್ತಿರ, 50 ಸೀಟು. ಬೀದರಿನಿಂದ ಬೆಂಗಳೂರಿಗೆ ಟ್ರೂಜೆಟ್ ಎಟಿಆರ್ 72ರಲ್ಲಿ, ಎರಡೆರಡು ಸೀಟು, ಫ್ಯಾನು, ರೆಕ್ಕೆ ತಲೆ ಮೇಲೆ. ಆಮೇಲೆ ಸ್ಟಾರ್ ಏರ್ ಎಂಬ್ರೇಯರ್ 175 ಕೂಡ ತಂತು, ಅದಕ್ಕೆ ಎರಡೆರಡು ಸೀಟು, ಇಂಜಿನ್ ರೆಕ್ಕೆ ಕೆಳಗೆ. ಈ ಮೂರನ್ನೂ ಸೀಟು ನೋಡಿ, ಇಂಜಿನ್ ನೋಡಿ ಬೇರೆ ಮಾಡಬಹುದು.

ಮುಂದಿನ ಸಲ ಮಕ್ಕಳನ್ನು ಕರೆದುಕೊಂಡು ಹೋಗುವಾಗ ಮೂರು ಫೋಟೋ ತೆಗೆಯಿರಿ. ಸೀಟಿನ ಮುಂದಿನ ಜೇಬಲ್ಲಿ ಇರೋ ಸುರಕ್ಷತಾ ಕಾರ್ಡು, ಅದರ ಮೇಲೆ ವಿಮಾನದ ಜಾತಿ ಅಚ್ಚಾಗಿರುತ್ತದೆ. ಇಳಿದು ನಡೆಯುವಾಗ ಮೈಮೇಲಿನ ವಿಟಿ ಅಕ್ಷರಗಳು, ನಿಲ್ದಾಣದ ಸಿಬ್ಬಂದಿ ಬೇಡ ಅಂದರೆ ಕಿಟಕಿಯಿಂದ ಓದಿ ಬರೆದುಕೊಳ್ಳಿ. ಮೂರನೆಯದು ಬೋರ್ಡಿಂಗ್ ಪಾಸ್. ಅದರ ಅಕ್ಷರ ಬಿಸಿಲಿಗೆ, ಶೆಕೆಗೆ ಕೆಲವೇ ವರ್ಷದಲ್ಲಿ ಅಳಿಸಿಹೋಗುತ್ತದೆ, ನಮ್ಮ ಕಲಬುರಗಿ ಬೇಸಿಗೆಯಲ್ಲಿ ಇನ್ನೂ ಬೇಗ. ಫ್ಲೈಟ್‌ರಾಡಾರ್24ರಲ್ಲಿ ಪುಕ್ಕಟೆಯಾಗಿ ಹಿಂದಿನ ಕೆಲವು ದಿನಗಳ ಹಾರಾಟ ಮಾತ್ರ ಕಾಣುತ್ತದೆ. ಹಾಗಾಗಿ ಮನೆ ಮುಟ್ಟಿದ ವಾರದೊಳಗೇ ನಂಬರು ಹಾಕಿ ನೋಡಿ, ಸ್ಕ್ರೀನ್‌ಶಾಟ್ ತೆಗೆದು, ಮಗುವಿನ ಹೆಸರಿನ ಫೋಲ್ಡರಿನಲ್ಲಿ ತಾರೀಖಿನ ಜೊತೆ ಇಟ್ಟುಬಿಡಿ.